ಸಹಿ ಹಾಕುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಮನೆ, ಮನೆಯ ಕಾಗದ, ಆ ಕಾಗದದ ಮೇಲೆ ಬೀಳಬೇಕಾದ ಸಹಿ. ಆದ್ದರಿಂದ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು, ಈ ವಿಷಯದ ಮೂರು ಪತ್ರಗಳನ್ನು ಮಾತ್ರ ಇಲ್ಲಿ ಆಯ್ದುಕೊಂಡಿದ್ದೇನೆ. ಬರೆದವರ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಅಕ್ಕಾವರೇ, ನನಗೀಗ 67 ವರ್ಷ. ನಮ್ಮ ಯಜಮಾನರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು, ನಿವೃತ್ತಿಯಾದಾಗ ಬಂದ ಹಣದಲ್ಲಿ ಜಾಗ ಕೊಂಡು ಮನೆ ಕಟ್ಟಿಸಿದರು. ಅವರು ತೀರಿಕೊಂಡು ಆರು ವರ್ಷವಾಯಿತು. ಮೃತ್ಯುಪತ್ರ ಬರೆದಿಟ್ಟಿರಲಿಲ್ಲ. ಪಾಲಿಕೆಯ ಕಾಗದದಲ್ಲಿ ಈಗ ನನ್ನ ಹೆಸರಿದೆ. ಮಗ, ಸೊಸೆ, ಮೊಮ್ಮಕ್ಕಳು ನನ್ನ ಜೊತೆಗಿದ್ದಾರೆ. ಮಗಳನ್ನು ಬಾಗಲಕೋಟೆಗೆ ಕೊಟ್ಟಿದ್ದೇವೆ. ಮಗ ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಬೇಕೆಂದಿದ್ದಾನೆ, ಅದಕ್ಕೆ ಬ್ಯಾಂಕಿನ ಸಾಲ ಬೇಕು. “ಮನಿ ನನ್ನ ಹೆಸರಿಗೆ ಬಕ್ಷೀಸು ಮಾಡಿಕೊಡು ಅವ್ವಾ, ಹೆಂಗೂ ನಾಳೆ ನನಗ ಬರೂದು” ಎನ್ನುತ್ತಾನೆ. ಅವನು ಕೆಟ್ಟವನಲ್ಲ, ಸೊಸೆಯೂ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಆದರೆ ನಮ್ಮ ಓಣಿಯಲ್ಲೇ ಹಿರಿಯರೊಬ್ಬರು ಹೀಗೆ ಬರೆದುಕೊಟ್ಟು, ಈಗ ತಮ್ಮ ಮನೆ ಬಿಟ್ಟು ಮಗಳ ಮನೆಯಲ್ಲಿದ್ದಾರೆ. ಒಲ್ಲೆನೆಂದರೆ ಮಗನ ಮನಸ್ಸು ಮುರಿಯುತ್ತದೆ, ಹೂಂ ಎಂದರೆ ನನಗೆ ನಿದ್ದೆ ಬರುವುದಿಲ್ಲ. ಏನು ಮಾಡಲಿ?
ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ತಾಯಿಯವರೇ, ನಿಮ್ಮ ಪತ್ರದಲ್ಲಿ ಮಗನ ಮೇಲಾಗಲಿ ಸೊಸೆಯ ಮೇಲಾಗಲಿ ಒಂದು ದೂರಿನ ಮಾತೂ ಇಲ್ಲ. ಹಾಗಿದ್ದೂ ನಿದ್ದೆ ಬರುತ್ತಿಲ್ಲವೆಂದರೆ ನಿಮ್ಮನ್ನು ಕಾಡುತ್ತಿರುವುದು ಆ ಕಾಗದದ ಹೆದರಿಕೆ ಎಂದೇ ನಾನು ತಿಳಿಯುತ್ತೇನೆ. ಆದ್ದರಿಂದ ಮೊದಲು ಕಾಗದದ ಗಂಟನ್ನೇ ಬಿಡಿಸೋಣ.

ಪಾಲಿಕೆಯ ದಾಖಲೆಯಲ್ಲಿ ನಿಮ್ಮ ಹೆಸರು ಬಂದಿರುವುದರಿಂದ ಇಡೀ ಮನೆ ನಿಮ್ಮದೆಂದು ನೀವೂ, ನಿಮ್ಮ ಮಗನೂ ನಂಬಿದ್ದೀರಿ. ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಇದೇ ತಪ್ಪು ತಿಳಿವಳಿಕೆ ಇದೆ. ಆ ಹೆಸರು ಮನೆಪಟ್ಟಿ ತುಂಬಿಸಿಕೊಳ್ಳುವ ಸಲುವಾಗಿ ಪಾಲಿಕೆ ಇಟ್ಟುಕೊಂಡ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಗಂಡಸೊಬ್ಬ ತಾನೇ ಗಳಿಸಿದ ಆಸ್ತಿಗೆ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ, ಅವನ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಬದುಕಿದ್ದರೆ ಅವನ ತಾಯಿ, ಇವರೆಲ್ಲರಿಗೂ ಸಮಪಾಲು ಬರುತ್ತದೆ. ನಿಮ್ಮ ಅತ್ತೆಯವರು ಯಜಮಾನರಿಗಿಂತ ಮೊದಲೇ ತೀರಿಕೊಂಡಿದ್ದರೆ ಮನೆಗೆ ಮೂರು ಪಾಲು: ನಿಮ್ಮದೊಂದು, ಮಗನದೊಂದು, ಬಾಗಲಕೋಟೆಯ ಮಗಳದೊಂದು. ಮಗಳ ಮದುವೆ ಯಾವಾಗ ಆಯಿತು, ಮದುವೆಯಲ್ಲಿ ಎಷ್ಟು ಬಂಗಾರ ಹಾಕಿದಿರಿ ಎಂಬುದರಿಂದ ಈ ಲೆಕ್ಕ ಬದಲಾಗುವುದಿಲ್ಲ.

ಹಾಗಾಗಿ ನೀವು ಇಡೀ ಮನೆಯನ್ನು ಬಕ್ಷೀಸು ಬರೆದುಕೊಟ್ಟರೂ ಆ ಪತ್ರ ನಿಮ್ಮ ಮೂರನೆಯ ಒಂದು ಪಾಲಿನ ಮಟ್ಟಿಗೆ ಮಾತ್ರ ನಡೆಯುತ್ತದೆ. ಮಗಳ ಪಾಲು ಅವಳ ಸಹಿಯಿಲ್ಲದೆ ಯಾರಿಗೂ ಹೋಗದು. “ನಾಳೆ ನನಗ ಬರೂದು” ಎಂಬ ಮಗನ ಮಾತೂ ಪೂರ್ತಿ ಸರಿಯಲ್ಲ. ಅವನ ಪಾಲು ತಂದೆ ತೀರಿಕೊಂಡ ದಿನವೇ ಅವನಿಗೆ ಬಂದಿದೆ. ನಿಮ್ಮ ಪಾಲು, ನೀವೇನೂ ಬರೆದಿಡದಿದ್ದರೆ, ನಿಮ್ಮ ನಂತರ ಇಬ್ಬರು ಮಕ್ಕಳಿಗೂ ಸಮನಾಗಿ ಹೋಗುತ್ತದೆ. ಇದನ್ನು ಅವನಿಗೆ ಸಮಾಧಾನದಿಂದ ತಿಳಿಸಿ ಹೇಳಿ, ಅವನಿಗೂ ಇದು ಗೊತ್ತಿರಲಿಕ್ಕಿಲ್ಲ.

ಇನ್ನು ಬಕ್ಷೀಸು ಪತ್ರದ ಸ್ವಭಾವ. ಇಬ್ಬರು ಸಾಕ್ಷಿಗಳ ಎದುರು ಸಹಿಯಾಗಿ, ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಿ, ಪಡೆದವರು ಒಪ್ಪಿಕೊಂಡರೆಂದರೆ ಆ ಆಸ್ತಿ ಅಂದಿನಿಂದಲೇ ಅವರದು. ಕೊಟ್ಟವರಿಗೆ ಮರುದಿನ ಮನಸ್ಸು ಬದಲಾದರೂ, ತಮ್ಮಿಷ್ಟದಂತೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಮೃತ್ಯುಪತ್ರದ ರೀತಿ ಬೇರೆ: ಅದು ಬರೆದವರ ಕಾಲಾನಂತರವೇ ಜಾರಿಗೆ ಬರುತ್ತದೆ, ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಬಿಳಿ ಹಾಳೆಯ ಮೇಲೆ ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದರೂ ಸಾಕು. ಮಗನಿಗೆ ನಿಮ್ಮ ಪಾಲನ್ನು ಕೊಡಲೇಬೇಕೆಂಬ ಮನಸ್ಸು ನಿಮಗಿದ್ದರೆ ಮೃತ್ಯುಪತ್ರದಲ್ಲಿ ಕೊಡಿ. ನಲವತ್ತು ವರ್ಷ ಸಂಸಾರ ಮಾಡಿದ ಹೆಣ್ಣುಮಗಳು ಕೊನೆಗಾಲದಲ್ಲಿ ಮಗನ ಒಡೆತನದ ಮನೆಯಲ್ಲಿ ಅವನ ಮರ್ಜಿಯ ಮೇಲೆ ಇರುವಂತಾಗಬಾರದು. ಮಗ ಎಷ್ಟೇ ಒಳ್ಳೆಯವನಾಗಿದ್ದರೂ ನನ್ನ ಅಭಿಪ್ರಾಯ ಇದೇ, ಏಕೆಂದರೆ ಅವನಿಗೂ ನಾಳೆ ಕಷ್ಟ ಬರಬಹುದು, ನೌಕರಿ ಹೋಗಬಹುದು, ಅವನ ಸಾಲಗಾರರು ಅವನ ಹೆಸರಿನಲ್ಲಿರುವ ಮನೆಗೆ ಕೈ ಹಾಕಬಹುದು.

ಬ್ಯಾಂಕಿನ ಸಾಲಕ್ಕಾಗಿ ಮನೆ ಮಗನೊಬ್ಬನ ಹೆಸರಿಗೇ ಆಗಬೇಕೆಂಬ ನಿಯಮವೇನೂ ಇಲ್ಲ. ಮನೆಯಲ್ಲಿ ಹಕ್ಕಿರುವವರೆಲ್ಲರೂ ಸಾಲದ ಕಾಗದಕ್ಕೆ ಸೇರಿಕೊಂಡು, ಮನೆಯನ್ನು ಅಡವು ಇಡಲು ಒಪ್ಪಿ ಸಹಿ ಹಾಕಿದರೆ ಬ್ಯಾಂಕುಗಳು ಸಾಲ ಕೊಡುತ್ತವೆ. ಮೂವರೂ ಕೂಡಿ ಬ್ಯಾಂಕಿನ ಮ್ಯಾನೇಜರರನ್ನು ಕಂಡು ಕೇಳಿ. ಆದರೆ ಈ ಸಹಿಯೂ ಹಗುರವಾದದ್ದಲ್ಲ. ಕಂತು ತಪ್ಪಿ ಖಾತೆ ಕೆಟ್ಟರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನಗಳ ನೋಟಿಸು ಕೊಟ್ಟು, ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಅಡವಿನ ಮನೆಯನ್ನು ವಶಕ್ಕೆ ಪಡೆದು ಮಾರಲು ಬರುತ್ತದೆ. ತಿಂಗಳ ಕಂತು ಎಷ್ಟು, ಮಗನ ಸಂಬಳದಲ್ಲಿ ಅದು ಕಳೆದು ಮನೆಗೆ ಎಷ್ಟು ಉಳಿಯುತ್ತದೆ, ಸಾಲಕ್ಕೆ ತಕ್ಕ ಜೀವವಿಮೆ ಅವನ ಹೆಸರಿನಲ್ಲಿ ಇದೆಯೇ, ಇಷ್ಟನ್ನು ಒಂದು ಹಾಳೆಯ ಮೇಲೆ ಬರೆದು ತೋರಿಸಲು ಹೇಳಿ. ಯಜಮಾನರ ಬಾಬತ್ತು ನಿಮಗೆ ಬರುವ ಕುಟುಂಬ ಪಿಂಚಣಿಯನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಗೊಡಬೇಡಿ. ಅದು ನಿಮ್ಮ ಔಷಧಕ್ಕೆ, ಮೊಮ್ಮಕ್ಕಳ ಕೈಯಲ್ಲಿ ನೀವು ಇಡುವ ಹಬ್ಬದ ದುಡ್ಡಿಗೆ ಇರಲಿ.

ಇನ್ನೊಂದು ಮಾತು ಕಾನೂನಿಗೆ ಸೇರಿದ್ದಲ್ಲ, ಆದರೂ ಹೇಳುತ್ತೇನೆ. ಹುಬ್ಬಳ್ಳಿಯ ಬಹುಭಾಗ ಎರೆಮಣ್ಣಿನ ನೆಲ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣಿನ ಮೇಲೆ ಒಂದೇ ಅಂತಸ್ತಿನ ಲೆಕ್ಕಕ್ಕೆ ಹಾಕಿದ ಬುನಾದಿ ಎರಡನೆಯ ಅಂತಸ್ತನ್ನು ತಾಳುತ್ತದೆಯೋ ಇಲ್ಲವೋ ಎಂಬುದನ್ನು ಇಂಜಿನಿಯರರು ಬಂದು ನೋಡಬೇಕು. ಪಾಲಿಕೆಯ ಕಟ್ಟಡ ಪರವಾನಿಗೆಯೂ ಬೇಕು. ಇವೆರಡೂ ಆಗುವ ಮೊದಲೇ ಮನೆಯವರು ಹೆಸರಿನ ಸಲುವಾಗಿ ಮನಸ್ಸು ಕೆಡಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ನಿಮ್ಮ ಪಾಲನ್ನು ಈಗಲೇ ಕೊಡುವ ನಿರ್ಧಾರಕ್ಕೆ ನೀವು ಬಂದರೆ, ಪತ್ರದಲ್ಲಿ ಷರತ್ತು ಬರೆಸದೆ ಕೊಡಬೇಡಿ. 2007ರ ತಂದೆ-ತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 23ನೆಯ ಕಲಮು ಇಂಥ ಸಂದರ್ಭಕ್ಕೆಂದೇ ಇದೆ. 60 ದಾಟಿದವರು ತಮ್ಮ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ಅದನ್ನು ನಡೆಸದಿದ್ದರೆ, ಕೊಟ್ಟವರ ಅರ್ಜಿಯ ಮೇಲೆ ಆ ಪತ್ರವನ್ನು ರದ್ದುಪಡಿಸಬಹುದು. ಈ ಷರತ್ತು ಇರಲೇಬೇಕೆಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ಕೋರ್ಟು, ಹಿರಿಯರ ರಕ್ಷಣೆಗಾಗಿ ಬಂದ ಈ ಕಾಯ್ದೆಯನ್ನು ಉದಾರವಾಗಿ ಅರ್ಥ ಮಾಡಬೇಕೆಂದು ಹೇಳಿ, ತಾಯಿಯೊಬ್ಬರು ಮಗನಿಗೆ ಬರೆದುಕೊಟ್ಟಿದ್ದ ಬಕ್ಷೀಸು ಪತ್ರವನ್ನು ರದ್ದುಗೊಳಿಸಿತು. ಆದರೂ ನಾಳೆ ವಾದಕ್ಕೆ ಎಡೆ ಉಳಿಯದಂತೆ ಬರೆಸುವುದೇ ಲೇಸು. “ನೋಡಿಕೊಳ್ಳತಕ್ಕದ್ದು” ಎಂದು ಒಂದೇ ಶಬ್ದದಲ್ಲಿ ಮುಗಿಸದೆ, ಕೆಳಗಿನ ಮನೆಯಲ್ಲಿ ನಿಮ್ಮ ಕೋಣೆ ಯಾವುದು, ದೇವರ ಮನೆ ಮತ್ತು ಅಡುಗೆಮನೆಯ ಬಳಕೆ, ಊಟ, ಔಷಧ, ಆಸ್ಪತ್ರೆಯ ಖರ್ಚು, ಬದುಕಿರುವವರೆಗೆ ವಾಸದ ಹಕ್ಕು, ಎಲ್ಲವನ್ನೂ ಹೆಸರಿಟ್ಟು ಬರೆಸಿ.

ನಿಮ್ಮ ಓಣಿಯ ಆ ಹಿರಿಯರಿಗೂ ಈ ವಿಷಯ ತಿಳಿಸಿ. ನಮ್ಮ ರಾಜ್ಯದಲ್ಲಿ ಇಂಥ ಅರ್ಜಿಗಳನ್ನು ಕೇಳುವ ನ್ಯಾಯಮಂಡಳಿ ಉಪವಿಭಾಗಾಧಿಕಾರಿಗಳದು. ಹುಬ್ಬಳ್ಳಿಯವರು ಧಾರವಾಡದ ಕಚೇರಿಗೆ ಅರ್ಜಿ ಕೊಡಬೇಕು. ಮಕ್ಕಳಿಂದ ತಿಂಗಳಿಗೆ ಗರಿಷ್ಠ 10,000 ರೂಪಾಯಿಯವರೆಗೆ ಜೀವನಾಂಶವನ್ನೂ ಅಲ್ಲಿಯೇ ಕೇಳಬಹುದು. ಹಿರಿಯರ ಸಹಾಯವಾಣಿಯ ಸಂಖ್ಯೆ 14567. ಬರೆದುಕೊಟ್ಟಾಯಿತು, ಇನ್ನೇನೂ ಆಗುವುದಿಲ್ಲ ಎಂದು ಅವರು ಸುಮ್ಮನೆ ಕೂತಿದ್ದರೆ, ಯಾರಾದರೂ ಜೊತೆಗೆ ಹೋಗಿ ಒಂದು ಸಲ ವಿಚಾರಿಸಲಿ.

ಮಗನೊಂದಿಗೆ ಮಾತಾಡುವ ಬಗೆಯನ್ನೂ ನೀವು ಕೇಳಿದಂತಿದೆ. ಮಗಳು ಬಂದಾಗ, ರಾತ್ರಿ ಊಟವಾದ ಮೇಲೆ, ಸೊಸೆಯನ್ನೂ ಕೂಡಿಸಿಕೊಂಡು ಮಾತು ತೆಗೆಯಿರಿ. ಸೊಸೆಯನ್ನು ಅಡುಗೆಮನೆಯಲ್ಲಿ ಬಿಟ್ಟು ಮಾಡಿದ ಮಾತುಕತೆ ಮರುದಿನ ಬೇರೆ ಅರ್ಥ ಪಡೆದುಕೊಳ್ಳುವುದನ್ನು ನನ್ನ ಮೂವತ್ತು ವರ್ಷದ ವಕೀಲಿಯಲ್ಲಿ ಬಹಳ ಸಲ ಕಂಡಿದ್ದೇನೆ. “ಮ್ಯಾಲಿನ ಮನಿ ಕಟ್ಟಪಾ, ಸಾಲದ ಕಾಗದಕ್ಕ ನಾನೂ ಸಹಿ ಹಾಕ್ತೀನಿ. ಕೆಳಗಿನ ಮನಿ ಮಾತ್ರ ನಾ ಇರೂತನಕಾ ಹಿಂಗ ಇರಲಿ” ಎಂದು ಹೇಳಿ. ಮೂವರೂ ಒಪ್ಪಿದರೆ, ಮೇಲಿನ ಅಂತಸ್ತು ಮಗನಿಗೆ, ಕೆಳಗಿನದು ನಿಮಗೆ, ಮಗಳ ಪಾಲಿಗೆ ಇಷ್ಟು ಹಣ ಎಂದು ವಾಟ್ನಿ ಪತ್ರ, ಅಂದರೆ ಆಸ್ತಿ ಹಂಚಿಕೆಯ ಪತ್ರ, ಬರೆಸಿ ನೋಂದಣಿ ಮಾಡಿಸುವುದು ನನಗೆ ಎಲ್ಲಕ್ಕಿಂತ ಒಳ್ಳೆಯ ದಾರಿಯೆಂದು ತೋರುತ್ತದೆ.

ಪ್ರಶ್ನೆ: ಅಕ್ಕಾವರೇ, ನನ್ನ ತವರು ಗದಗ-ಬೆಟಗೇರಿ, ಕೊಟ್ಟ ಮನೆ ಹುಬ್ಬಳ್ಳಿ. ವಯಸ್ಸು 39. ಅಪ್ಪ 2001ರಲ್ಲಿ ತೀರಿಕೊಂಡರು. ಅಜ್ಜನ ಕಾಲದ ಮನೆ ಮತ್ತು ಆರು ಎಕರೆ ಹೊಲ ಇದೆ, ಇನ್ನೂ ವಾಟ್ನಿ ಆಗಿಲ್ಲ. ಈ ವರ್ಷ ಪಂಚಮಿಗೆ ಕರೆಯಲು ಬಂದಾಗ ಅಣ್ಣಂದಿರು ಹಕ್ಕುಬಿಟ್ಟ ಪತ್ರವನ್ನೂ ಬರೆಸಿಕೊಂಡು ಬಂದಿದ್ದರು. ಅವ್ವ “ಸಹಿ ಹಾಕಿಬಿಡು, ತವರಿಗೆ ಎರವಾಗಬ್ಯಾಡ” ಎನ್ನುತ್ತಾಳೆ. ನನ್ನ ಗಂಡ “ಪಾಲು ಬಿಡಬ್ಯಾಡ” ಎನ್ನುತ್ತಾರೆ. ನಿನಗೇನು ಬೇಕು ಎಂದು ಯಾರೂ ಕೇಳಲಿಲ್ಲ. ಅಪ್ಪ ಅಷ್ಟು ಹಿಂದೆಯೇ ತೀರಿಕೊಂಡಿದ್ದರಿಂದ ನನಗೆ ಹಕ್ಕು ಇದೆಯೋ ಇಲ್ಲವೋ ಅದೂ ತಿಳಿಯದು.
ಸಹೋದರಿ, ಹುಬ್ಬಳ್ಳಿ

ಉತ್ತರ: ತಂಗೀ, ನಿನಗೆ ಹಕ್ಕು ಇದೆ. ನಮ್ಮ ರಾಜ್ಯ 1994ರ ತಿದ್ದುಪಡಿಯಲ್ಲೇ, ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ದೇಶಕ್ಕೆಲ್ಲ ಅದನ್ನು ತಂದಿತು. ಆ ದಿನಕ್ಕೆ ತಂದೆ ಬದುಕಿರಬೇಕೇ ಎಂಬ ಗೊಂದಲ ಬಹಳ ವರ್ಷ ಇತ್ತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಬದುಕಿರಬೇಕಾಗಿಲ್ಲ ಎಂದು ತೀರ್ಮಾನಿಸಿತು. ಆಸ್ತಿಯ ವಾಟ್ನಿ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾಗಿ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆಗಿಹೋಗಿದ್ದರೆ ಅದನ್ನು ತೆರೆಯಲು ಬರುವುದಿಲ್ಲ. ನಿಮ್ಮಲ್ಲಿ ಆಗಿಲ್ಲವೆಂದು ಬರೆದಿದ್ದೀಯ. ವಾಸದ ಮನೆಯನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುವವರೆಗೆ ಹೆಣ್ಣುಮಕ್ಕಳು ಪಾಲು ಕೇಳಬಾರದೆಂಬ ಹಳೆಯ ಕಲಮನ್ನೂ 2005ರಲ್ಲಿಯೇ ತೆಗೆದುಹಾಕಿದ್ದಾರೆ. ನಿನ್ನ ಪಾಲು ನಿಖರವಾಗಿ ಎಷ್ಟೆಂಬುದನ್ನು ಪಹಣಿ, ವಾರಸಾ ದಾಖಲೆ, ಮನೆಯ ಸಿಟಿ ಸರ್ವೆ ಉತಾರ ನೋಡಿ ವಕೀಲರು ಹೇಳಬೇಕು. ಇ.ಸಿ. ಎಂದು ಎಲ್ಲರೂ ಕರೆಯುವ ಋಣಭಾರ ಪತ್ರವನ್ನೂ ತೆಗೆಸು. ಹೊಲದ ಮೇಲೆ ನೋಂದಾಯಿತ ಅಡವು ಅಥವಾ ಬೇರೆ ಪತ್ರಗಳಿದ್ದರೆ ಅದರಲ್ಲಿ ಕಾಣುತ್ತವೆ.

ನಿನ್ನ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಾಲು: ನಿನಗೇನು ಬೇಕು ಎಂದು ಯಾರೂ ಕೇಳಲಿಲ್ಲ. ನಮ್ಮ ಭಾಗದಲ್ಲಿ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣ ಕರೆಯಲು ಬರುವುದು, ತವರಿನಲ್ಲಿ ಜೋಕಾಲಿ ಜೀಕುವುದು, ಎಳ್ಳುಂಡಿ, ಶೇಂಗಾ ಉಂಡಿ ಕಟ್ಟುವುದು, ಹೊರಡುವಾಗ ಅವ್ವ ಉಡಿ ತುಂಬಿ ಕಳಿಸುವುದು, ಇವುಗಳಿಗಾಗಿ ಕೊಟ್ಟ ಮನೆಯಲ್ಲಿ ವರ್ಷವಿಡೀ ಕಾದಿರುವ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ. ಅಂಥ ದಿನ ಆರಿಸಿಕೊಂಡು ಕಾಗದ ತಂದದ್ದು ನಿನ್ನ ಅಣ್ಣಂದಿರು ಮಾಡಿದ ತಪ್ಪು. ಉಡಿ ತುಂಬುವುದು ಮಗಳಿಗೆ ಸಲ್ಲುವ ಮರ್ಯಾದೆ. ಅದನ್ನು ಆರು ಎಕರೆ ಹೊಲದ ಪಾಲಿಗೆ ಬದಲಾಗಿ ಕೊಡುವ ವಸ್ತುವಿನಂತೆ ಮುಂದಿಡಬಾರದು. ನಿನ್ನ ಅವ್ವ ಅಂಜಿ ಆಡಿದ ಮಾತನ್ನು ನಾನು ಬೇರೆಯಾಗಿ ನೋಡುತ್ತೇನೆ. ಮುಂದೆ ತಾನು ಇರಬೇಕಾದದ್ದು ಗಂಡುಮಕ್ಕಳ ಜೊತೆಯಲ್ಲಿ ಎಂಬುದು ಅವರ ಮನಸ್ಸಿನಲ್ಲಿರುತ್ತದೆ. ಆ ಆಸ್ತಿಯಲ್ಲಿ ತಮಗೂ ಪಾಲಿದೆ ಎಂಬುದು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ನೀನು ಹೇಳು.

ಅಣ್ಣಂದಿರ ಕಡೆಯ ಮಾತೂ ಒಂದಿದೆ. ಗದಗ ಜಿಲ್ಲೆಯ ಮಳೆಯಾಶ್ರಿತ ಹೊಲ ಎಲ್ಲ ವರ್ಷವೂ ಕೈಗೆ ಹತ್ತುವುದಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಸಾಲ ಮಾಡಿ ಬಿತ್ತಿದವರು, ಅವ್ವನನ್ನು ನೋಡಿಕೊಂಡವರು ಅವರು. ಈ ದುಡಿಮೆ ಹಿಸ್ಸೆಯ ಅಳತೆಯಲ್ಲಿ ಕಾಣುವುದಿಲ್ಲವಾದರೂ ನಿನ್ನ ಮನಸ್ಸಿನ ಲೆಕ್ಕದಲ್ಲಿ ಅದಕ್ಕೆ ಜಾಗ ಇರಬಹುದು. ಹೊಲದ ಹಕ್ಕು ಬಿಟ್ಟು ಮನೆಯಲ್ಲಿ ಪಾಲು ಇಟ್ಟುಕೊಳ್ಳುವುದು, ಪಾಲಿನ ಬದಲು ಹಣ ಪಡೆಯುವುದು, ಅಥವಾ ಪೂರ್ತಿ ಬಿಟ್ಟುಕೊಡುವುದು, ಇವೆಲ್ಲವೂ ನಿನ್ನ ಕೈಯಲ್ಲಿವೆ. ಬಿಟ್ಟುಕೊಡುವುದಾದರೆ ಬಿಡುತ್ತಿರುವುದು ಎಷ್ಟೆಂದು ಅರಿತು, ನಿನ್ನ ಸ್ವಂತ ಇಚ್ಛೆಯಿಂದ ಬಿಡು. ಗಂಡನ ಒತ್ತಾಯಕ್ಕೆ ಕೇಳುವುದೂ ಬೇಡ, ಅಣ್ಣಂದಿರ ಒತ್ತಾಯಕ್ಕೆ ಬಿಡುವುದೂ ಬೇಡ. ಅಲ್ಲಿಯವರೆಗೆ ಖಾಲಿ ಹಾಳೆಗಾಗಲಿ, ಖಾಲಿ ಛಾಪಾ ಕಾಗದಕ್ಕಾಗಲಿ ಸಹಿ ಹಾಕಬೇಡ, ನಿನ್ನ ಆಧಾರ್ ಪ್ರತಿಯನ್ನೂ ಕೊಡಬೇಡ. “ಓದಿ ನೋಡಿ, ದೀಪಾವಳಿಗೆ ಬಂದಾಗ ಹೇಳ್ತೀನಣ್ಣಾ” ಎಂದರೆ ಯಾರ ಮರ್ಯಾದೆಗೂ ಕುಂದಿಲ್ಲ.

ವಕೀಲರ ಖರ್ಚಿನ ಚಿಂತೆಯಿದ್ದರೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಇದೆ. ಗದಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಮೊದಲು 15100ಕ್ಕೆ ಫೋನು ಮಾಡಿಯೂ ಕೇಳಬಹುದು. ಅಲ್ಲಿ ದಾವೆಗೆ ಮೊದಲೇ ಎರಡೂ ಕಡೆಯವರನ್ನು ಕರೆಸಿ ರಾಜಿ ಮಾತುಕತೆ ನಡೆಸುವ ಏರ್ಪಾಡೂ ಇದೆ. ನಿನ್ನಂಥ ಮನೆಗೆ ಅದೇ ಸರಿಯಾದ ಜಾಗ.

ಪ್ರಶ್ನೆ: ನಾನು ಹಾವೇರಿಯವನು, ವಯಸ್ಸು 44. ತಂದೆಗೆ 81, ತಾಯಿಗೆ 75. ಹದಿನೈದು ವರ್ಷದಿಂದ ಇಬ್ಬರನ್ನೂ ನಾನು, ನನ್ನ ಹೆಂಡತಿ ನೋಡಿಕೊಳ್ಳುತ್ತಿದ್ದೇವೆ. ತಮ್ಮಂದಿರಿಬ್ಬರು ಬೆಂಗಳೂರಿನಲ್ಲಿದ್ದಾರೆ. ತಂದೆ ಶಿಕ್ಷಕರಾಗಿದ್ದಾಗ ಸ್ವಂತ ಸಂಬಳದಲ್ಲಿ ಕಟ್ಟಿಸಿದ ಮನೆಯನ್ನು ನನಗೇ ಕೊಡಬೇಕೆಂದಿದ್ದಾರೆ. ನಾನೇ ಹೇಳಿ ಬರೆಸಿಕೊಂಡೆನೆಂದು ತಮ್ಮಂದಿರು ನಾಳೆ ಅಂದಾರೆಂಬ ಅಳುಕು ನನಗೆ.
ಒಬ್ಬ ಮಗ, ಹಾವೇರಿ

ಉತ್ತರ: ನಿಮ್ಮ ಅಳುಕು ನಿಮ್ಮ ಒಳ್ಳೆಯತನವನ್ನು ತೋರಿಸುತ್ತದೆ. ಸ್ವಯಾರ್ಜಿತ ಮನೆಯನ್ನು ತಮಗೆ ಬೇಕಾದವರಿಗೆ ಮೃತ್ಯುಪತ್ರದಲ್ಲಿ ಕೊಡುವ ಹಕ್ಕು ತಂದೆಯವರಿಗೆ ಪೂರ್ತಿಯಾಗಿ ಇದೆ. (ಹಳೇ ಹುಬ್ಬಳ್ಳಿಯ ಓದುಗರೊಬ್ಬರು ಇದೇ ಪ್ರಶ್ನೆ ಕೇಳಿದ್ದಾರೆ. ಮುಸ್ಲಿಂ ಕುಟುಂಬಗಳಿಗೆ ನಿಯಮ ಬೇರೆ: ವಾರಸುದಾರರ ಒಪ್ಪಿಗೆಯಿಲ್ಲದೆ ಮೃತ್ಯುಪತ್ರದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕೊಡಲು ಬರುವುದಿಲ್ಲ, ಒಬ್ಬ ವಾರಸುದಾರನಿಗೇ ಕೊಡಬೇಕಾದರೂ ಉಳಿದವರ ಒಪ್ಪಿಗೆ ಬೇಕೆಂಬುದು ನಮ್ಮಲ್ಲಿ ನಡೆದುಬಂದಿರುವ ನಿಯಮ.)

ತಾಯಿಯವರನ್ನು ಮರೆಯಬಾರದು. ತಂದೆಯವರ ನಂತರ ತಾಯಿ ಬದುಕಿರುವವರೆಗೆ ಆ ಮನೆಯಲ್ಲಿ ವಾಸದ ಹಕ್ಕು ಅವರದೆಂದು ಮೊದಲ ಸಾಲಿನಲ್ಲಿಯೇ ಬರಲಿ. ನಿಮಗೆ ಮನೆ ಕೊಡುವ ಕಾರಣವನ್ನು, ಬೆಂಗಳೂರಿನ ಮಕ್ಕಳಿಗೆ ಈ ಹಿಂದೆ ಓದಿಗೋ ಜಾಗಕ್ಕೋ ಏನಾದರೂ ಕೊಟ್ಟಿದ್ದರೆ ಅದನ್ನು, ತಂದೆಯವರು ತಮ್ಮ ಮಾತಿನಲ್ಲಿ ಬರೆಯಬೇಕು. ಸಾಕ್ಷಿಗಳು ಮನೆಯವರಾಗಿರಬಾರದು, ವಯಸ್ಸಿನಲ್ಲಿ ಅವರಿಗಿಂತ ಚಿಕ್ಕವರಾಗಿರಲಿ. ಒಬ್ಬರು ಅವರಿಗೆ ಔಷಧ ಕೊಡುವ ಡಾಕ್ಟರರೇ ಆದರೆ ಇನ್ನೂ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೂ 81ರ ವಯಸ್ಸಿನಲ್ಲಿ ಮಾಡಿಸುವುದು ಕ್ಷೇಮ. ಉಪನೋಂದಣಿ ಕಚೇರಿಗೆ ಅವರನ್ನು ಕರೆದೊಯ್ಯುವವರು ನೀವಾಗಬೇಡಿ. ಅವರ ಸ್ನೇಹಿತರೋ, ಅವರ ಕೈಕೆಳಗೆ ಓದಿದ ಶಿಷ್ಯರೋ ಕರೆದೊಯ್ಯಲಿ. ಹೋಗುವ ಮೊದಲು ತಂದೆಯವರೇ ಬೆಂಗಳೂರಿಗೆ ಫೋನು ಮಾಡಿ, ತಾವು ಹೀಗೆ ಬರೆಯುತ್ತಿದ್ದೇವೆಂದು ಇಬ್ಬರು ಮಕ್ಕಳಿಗೂ ತಿಳಿಸಿದರೆ, ಅವರಿಗೆ ಬೇಸರವಾದರೂ ಆ ಬೇಸರವನ್ನು ತಂದೆಯ ಎದುರಿಗೇ ಹೇಳಿಕೊಳ್ಳಲು ಅವಕಾಶ ಸಿಗುತ್ತದೆ.